ಏಳುಮಲೆಯ ಕಾಡು ಮತ್ತು ಎಣಿಕೆಯ ಕಾಯಕ

2025ನೆಯ ಇಸವಿಯ ಜೂನ್ ತಿಂಗಳ ಕೊನೆಯ ವಾರದಲ್ಲಿ ಹನೂರು ತಾಲ್ಲೂಕಿನ ಕಡೆಯಿಂದ ಬಂದ ವಾರ್ತೆಯನ್ನು ವಾಚಕ ಬಂಧುಗಳು ಮರೆತಿರಲಾರರು. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ಕೀಟನಾಶಕ ಬೆರೆಸಿದುದೇ ಕಾರಣವೆಂದು ತಿಳಿದುಬಂದು, ಕೆಲವರ ಬಂಧನವೂ ಆಯಿತು. ಹುಲಿಯನ್ನೇರಿ ಕುಳಿತ ಮಾದಪ್ಪನ ಪಟವಿಲ್ಲದ ಮನೆ ನಮ್ಮ ಸೀಮೆಯಲ್ಲಿ ವಿರಳ. ಬೆಟ್ಟದಲ್ಲಿ ಹುಲಿವಾಹನ ಸೇವೆಗೆ ಹರಕೆ ಹೊತ್ತು ಸರದಿಯಲ್ಲಿ ನಿಲ್ಲುವವರೂ ಈ ಸೀಮೆಯ ಭಕ್ತರೇ. ಆ ವಾರ ಕೊಳ್ಳೇಗಾಲದಲ್ಲಿ ಪರಿಚಯದ ಮನೆಯೊಂದಕ್ಕೆ ನಾವು ಹೋಗಿದ್ದಾಗ ಆ ಮನೆಯ ಹಿರಿಯ ತಾಯಿ ವಿಭೂತಿಯ ತಟ್ಟೆಯನ್ನು ಮುಂದಿಡುತ್ತ, “ಮಾದಪ್ಪನ ವಾಹನಕ್ಕೇ ವಿಷ ಇಕ್ಬುಟ್ರಲ್ಲ ಬುದ್ಧಿ, ಇನ್ನೇನ್ ಉಳೀತು?” ಎಂದರು.

ಆ ತಾಯಿಗೆ ನಾವು ಆಗ ಏನೂ ಹೇಳಲಿಲ್ಲ. ವಿಷವಿಕ್ಕಿದ ಕೈಯನ್ನು ಖಂಡಿಸುವುದು ಸುಲಭ, ಖಂಡಿಸಲೇಬೇಕಾದುದೂ ನಿಜ. ಆದರೆ ಕರೆಯುವ ಹಸುವೊಂದನ್ನು ಕಳೆದುಕೊಂಡ ಬಡ ಮನೆಯ ಸಂಕಟವನ್ನು ಅರಿಯದವರು ನಮ್ಮ ವಾಚಕರಲ್ಲಿ ಯಾರಿದ್ದಾರೆ? ದನ ಮೇಯಲು ಕಾಡಿಗೆ ಹೋಗುತ್ತದೆ, ಹುಲಿ ಬೇಟೆಗೆ ಬರುತ್ತದೆ, ಎರಡೂ ಒಂದೇ ಹುಲ್ಲುಗಾವಲಿನ ಅಂಚಿನಲ್ಲಿ ಸಂಧಿಸುತ್ತವೆ. ಹಾಗಾದರೆ ಆ ಕಾಡಿನಲ್ಲಿ ಹುಲ್ಲು ಎಷ್ಟಿದೆ? ಹಿಂದೆ ಎಷ್ಟಿತ್ತು? ಎಲ್ಲಿಗೆ ಹೋಯಿತು? ಹುಲಿಗಳ ಸಾವಿಗೂ ಈ ಪ್ರಶ್ನೆಗಳಿಗೂ ನೇರವಾದ ಗಂಟು ಹಾಕಲು ನಾವು ಹೊರಟಿಲ್ಲ. ಆದರೂ ಅಂದಿನಿಂದ ಈ ಪ್ರಶ್ನೆಗಳು ನಮ್ಮನ್ನು ಬಿಟ್ಟಿಲ್ಲವಾದುದರಿಂದ ಈ ತಿಂಗಳ ಅಂಕಣವನ್ನು ಅವಕ್ಕೇ ಮೀಸಲಿಡುತ್ತಿದ್ದೇವೆ.

1970ರ ದಶಕದಲ್ಲಿ ನಾವು ಮಠದ ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ಶಿವರಾತ್ರಿಯ ಮುನ್ನ ಹಿರಿಯರೊಡನೆ ಕೊಳ್ಳೇಗಾಲದಿಂದ ಕಾಲ್ನಡೆಯಲ್ಲಿ ಹೊರಡುವ ರೂಢಿಯಿತ್ತು. ಹನೂರು, ಕೌದಳ್ಳಿಗಳನ್ನು ಹಾಯ್ದು ತಾಳುಬೆಟ್ಟದಲ್ಲಿ ಬೀಡುಬಿಟ್ಟು, ನಸುಕಿನಲ್ಲಿ ಬೆಟ್ಟ ಹತ್ತುತ್ತಿದ್ದೆವು. ಆ ದಾರಿಯಲ್ಲಿ ನಮಗೆ ಇಂದಿಗೂ ನೆನಪಿರುವುದು ದೃಷ್ಟಿಗೆ ಎಟುಕುತ್ತಿದ್ದ ದೂರ. ಮರಗಳ ನಡುವೆ ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿದ ಹುಲ್ಲು, ಅದರಾಚೆ ಜಿಂಕೆಯ ಹಿಂಡು, ಅದರಾಚೆ ಇನ್ನೊಂದು ಬೆಟ್ಟದ ಮೈ, ಎಲ್ಲವೂ ಕಾಣುತ್ತಿದ್ದವು. “ಆನೆ ಇದ್ರೆ ಅರ್ಧ ಮೈಲಿಯಿಂದ್ಲೇ ಗೊತ್ತಾಯ್ತದೆ, ಹೆದ್ರಬೇಡಿ ಮಕ್ಳೆ” ಎಂದು ಹಿರಿಯರು ಧೈರ್ಯ ಹೇಳುತ್ತಿದ್ದರು. ಇಂದು ಅದೇ ದಾರಿಯ ಅನೇಕ ಕಡೆ ಎರಡೂ ಬದಿಗೆ ಆಳೆತ್ತರದ ಮುಳ್ಳುಪೊದೆ ಗೋಡೆ ಕಟ್ಟಿದಂತೆ ನಿಂತಿದೆ. ಹತ್ತು ಹೆಜ್ಜೆಯಾಚೆ ಆನೆ ನಿಂತಿದ್ದರೂ ತಿಳಿಯದು. ಕೆಂಪು, ಹಳದಿ, ನಸುಗೆಂಪಿನ ಪುಟ್ಟ ಹೂಗೊಂಚಲು, ಉಜ್ಜಿದರೆ ಮೂಗಿಗೆ ಅಡರುವ ವಾಸನೆ, ಕಪ್ಪು ಹಣ್ಣು. ಲಂಟಾನ ಎಂದರೆ ಎಲ್ಲರಿಗೂ ಗೊತ್ತು. ನಮ್ಮ ಹೊಲದ ಬೇಲಿಗಳಲ್ಲಿಯೂ ಅದು ಇದೆ.

ಈ ಗಿಡ ನಮ್ಮ ದೇಶದ್ದಲ್ಲ. ಅಮೆರಿಕಾ ಖಂಡದ ಉಷ್ಣವಲಯದ ಇದನ್ನು ಹೂವಿನ ಚೆಲುವಿಗಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆಂಗ್ಲರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಬಂಗಲೆಗಳ ಅಂಗಳಕ್ಕೆ, ಅಂಗಳದಿಂದ ಬೇಲಿಗೆ, ಬೇಲಿಯಿಂದ ಹಕ್ಕಿಗಳ ಹೊಟ್ಟೆಯಲ್ಲಿ ಕಾಡಿಗೆ ಇದರ ಪಯಣ ಸಾಗಿತು. ದನಕರುಗಳು ಇದನ್ನು ಮುಟ್ಟುವುದಿಲ್ಲ. ಹಸಿವು ತಾಳಲಾರದೆ ತಿಂದರೆ ಈಲಿ ಕೆಟ್ಟು ನರಳುತ್ತವೆ. ಇದು ದಟ್ಟವಾಗಿ ಬೆಳೆದ ಕಡೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಬಿಸಿಲಿಲ್ಲದ ಕಡೆ ಹುಲ್ಲು ಏಳುವುದಿಲ್ಲ, ಮರದ ಸಸಿಗಳು ಚೇತರಿಸುವುದಿಲ್ಲ.

ಇಷ್ಟು ನಮ್ಮ ಕಣ್ಣಿಗೂ ಕಂಡೀತು. ಆದರೆ ಕಂಡದ್ದಕ್ಕೂ ತಿಳಿದದ್ದಕ್ಕೂ ಅಂತರವುಂಟು. ನಾವು ವರ್ಷಕ್ಕೊಮ್ಮೆ ಒಂದೇ ದಾರಿಯಲ್ಲಿ ನಡೆದವರು. ದಾರಿಯ ಬದಿಯಲ್ಲಿ ಹೆಚ್ಚಿದ ಗಿಡ ಇಡೀ ಕಾಡಿನಲ್ಲಿಯೂ ಹೆಚ್ಚಿರಬೇಕೆಂದು ಹೇಳಲು ನಮಗೆ ಯಾವ ಅಧಿಕಾರವಿದೆ? ಈ ಅಧಿಕಾರವನ್ನು ಬೆವರು ಸುರಿಸಿ ಗಳಿಸಿದವರ ವಿಷಯವನ್ನು ಹೇಳಬೇಕಾದರೆ ಮಾದಪ್ಪನ ಬೆಟ್ಟದಿಂದ ಪಶ್ಚಿಮಕ್ಕೆ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಬರಬೇಕು. ಎರಡು ಬೆಟ್ಟಗಳೂ ಒಂದೇ ಕಾಡಿನ ಸರಣಿಯವು. ಆನೆಗಳಿಗಂತೂ ತಾಲ್ಲೂಕಿನ ಗಡಿ ತಿಳಿಯದು. ಎರಡರಲ್ಲಿಯೂ ಸೋಲಿಗರೇ ಮೂಲ ನಿವಾಸಿಗಳು. ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಸಾಲನ್ನು ಕಂಸಾಳೆಯವರಿಂದ ಕೇಳಿದವರಿಗೆ ಸೋಲಿಗರ ನೀಲಯ್ಯನು ಜೇನು ತರಲು ಹೋದ ಪ್ರಸಂಗ ನೆನಪಿದ್ದೀತು. ರಂಗನ ಬೆಟ್ಟದಲ್ಲಿಯಾದರೋ ರಂಗಸ್ವಾಮಿಯು ಸೋಲಿಗರ ಹೆಣ್ಣನ್ನು ವರಿಸಿ ಅವರಿಗೆ ಬಾವನಾದನೆಂಬ ನಂಬಿಕೆಯಿದೆ.

ಈ ಬೆಟ್ಟವನ್ನು ಅಭ್ಯಸಿಸಿದವರ ಪರಂಪರೆ ಹಳೆಯದು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗಾಗಿ 1939ರಲ್ಲಿ ಇಲ್ಲಿಗೆ ಬಂದಿದ್ದರು. 1981ರಲ್ಲಿ ವೈದ್ಯ ಸುದರ್ಶನರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿ ಸೋಲಿಗರ ಆರೋಗ್ಯ, ಶಿಕ್ಷಣಗಳಿಗೆ ನಿಂತರು. 1996ರಲ್ಲಿ ಕಮಲ್ ಬಾವಾ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ‘ಏಟ್ರೀ’ ಎಂಬ ಪರಿಸರ ಸಂಶೋಧನಾ ಸಂಸ್ಥೆಯು ಈ ಬೆಟ್ಟವನ್ನೇ ತನ್ನ ಮುಖ್ಯ ಕ್ಷೇತ್ರಗಳಲ್ಲೊಂದನ್ನಾಗಿ ಮಾಡಿಕೊಂಡಿತು.

1997ರಲ್ಲಿ ಇಲ್ಲಿನ ಸಂಶೋಧಕರು ಸುಮಾರು 540 ಚದರ ಕಿಲೋಮೀಟರ್ ವಿಸ್ತಾರದ ಅರಣ್ಯದುದ್ದಕ್ಕೂ ಹರಡಿದ 134 ತಾಣಗಳನ್ನು ಆರಿಸಿಕೊಂಡು, ಪ್ರತಿಯೊಂದರಲ್ಲಿಯೂ ಒಂದೇ ಅಳತೆಯ ಪಟ್ಟಿಯನ್ನು ಗುರುತು ಮಾಡಿ, ಅದರೊಳಗಿನ ಮರಗಿಡಗಳನ್ನು ಬಿಡದೆ ಎಣಿಸಿದರು. ತಾಣಗಳನ್ನು ದಾರಿಯ ಅನುಕೂಲಕ್ಕಾಗಲಿ ಕಣ್ಣಿನ ಇಷ್ಟಕ್ಕಾಗಲಿ ಆರಿಸಿದುದಲ್ಲ. ಕಾಡನ್ನು ಸಮನಾದ ಚೌಕಗಳಾಗಿ ವಿಭಾಗಿಸಿ, ಚೌಕ ಬಿದ್ದ ಕಡೆಗೆ, ಅದು ಕಮರಿಯೇ ಆಗಿರಲಿ ಕಲ್ಲುಬಂಡೆಯೇ ಆಗಿರಲಿ, ಹೋಗಲೇಬೇಕು. ಹನ್ನೊಂದು ವರ್ಷಗಳ ಬಳಿಕ, 2008ರಲ್ಲಿ, ಅವೇ ತಾಣಗಳಿಗೆ ಮರಳಿ ಹೋಗಿ ಮೊದಲಿನ ಅಳತೆಯಲ್ಲಿಯೇ ಮತ್ತೆ ಎಣಿಸಲಾಯಿತು. 1997ರಲ್ಲಿ ನೂರಕ್ಕೆ 41 ತಾಣಗಳಲ್ಲಿ ಮಾತ್ರ ಇದ್ದ ಲಂಟಾನವು 2008ರಲ್ಲಿ ನೂರಕ್ಕೆ 81 ತಾಣಗಳಲ್ಲಿ ಕಂಡುಬಂದಿತು. ಹನ್ನೊಂದೇ ವರ್ಷದಲ್ಲಿ ಅದರ ಹರವು ಇಮ್ಮಡಿ.

ಈ ಎರಡು ಅಂಕಿಗಳನ್ನು ಓದಿದಾಗ ನಮಗೆ ಆದುದನ್ನು ಹೇಳಿಕೊಳ್ಳಬೇಕು. ತಾಳೆಗರಿಯ ಪ್ರತಿಗಳನ್ನು ಹೋಲಿಸಿ ಪಾಠಾಂತರ ಗುರುತಿಸುವುದನ್ನು ನಮಗೆ ಕಲಿಸಿದ ಗುರುಗಳು, “ಒಂದು ಪ್ರತಿ ನೋಡಿ ಮಾತಾಡಬೇಡ, ಎರಡನೆಯದು ಸಿಗುವ ತನಕ ಸುಮ್ಮನಿರು” ಎನ್ನುತ್ತಿದ್ದರು. ಕಾಡಿನ ಪ್ರತಿ 1997ರದ್ದು ಒಂದು, 2008ರದ್ದು ಇನ್ನೊಂದು. ಮೊದಲನೆಯದನ್ನು ಬರೆದಿಟ್ಟವರು ಇಲ್ಲದಿದ್ದಲ್ಲಿ ಎರಡನೆಯವರು ಏನನ್ನು ಹೋಲಿಸುತ್ತಿದ್ದರು? ವಿಜ್ಞಾನವೆಂದರೆ ಯಂತ್ರ, ಪ್ರಯೋಗಶಾಲೆ, ಬಿಳಿಯ ಅಂಗಿ ಎಂದೇ ನಮ್ಮಲ್ಲಿ ಬಹುಮಂದಿ ಭಾವಿಸಿದ್ದೇವೆ. ಈ ಕೆಲಸದಲ್ಲಿ ಬೇಕಾದುದು ಟೇಪು, ಪುಸ್ತಕ, ಪೆನ್ಸಿಲು, ಉಣ್ಣೆಹುಳುವನ್ನು ಸಹಿಸುವ ಚರ್ಮ, ಮತ್ತು ಮರಳಿ ಬರುವ ಹಟ.

ಎಣಿಕೆಯಿಂದ ಗಿಡ ಹೆಚ್ಚಿತೆಂಬುದು ತಿಳಿಯಿತು. ಏಕೆ ಹೆಚ್ಚಿತೆಂಬುದು ಬೇರೆ ಮಾತು. ಇಲ್ಲಿ ನಮ್ಮದೇ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದು ಯುಕ್ತ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಯಳಂದೂರಿನ ಕಡೆಯ ಗ್ರಾಮವೊಂದರ ಧರ್ಮಸಭೆಯಲ್ಲಿ ನಾವು ಪರಿಸರದ ವಿಷಯವಾಗಿ ಮಾತನಾಡುತ್ತ, ಕಾಡಿಗೆ ಬೆಂಕಿಯಿಡುವವನು ಹೆತ್ತ ತಾಯಿಯ ಸೆರಗಿಗೆ ಬೆಂಕಿಯಿಟ್ಟವನೇ ಸರಿ ಎಂದು ಗುಡುಗಿದೆವು. ಗಿರಿಜನರ ಅಜ್ಞಾನದಿಂದ ಅರಣ್ಯಗಳು ಬೂದಿಯಾಗುತ್ತಿವೆ ಎಂದೂ ಸೇರಿಸಿದೆವು. ಚಪ್ಪಾಳೆ ಬಿತ್ತು. ಪ್ರಸಾದದ ಹೊತ್ತಿನಲ್ಲಿ ವಯಸ್ಸಾದ ಸೋಲಿಗರೊಬ್ಬರು ಕಂಬದ ಬಳಿ ಕಾದು ನಿಂತಿದ್ದು, ಕೈಮುಗಿದು ಹೇಳಿದರು: “ಬುದ್ಧಿ, ನಾವ್ ಇಕ್ತಿದ್ದುದು ತರಗು ಬೆಂಕಿ. ಮೊಣಕಾಲ್ಗಂಟ ಬತ್ತಿತ್ತು, ತರಗ ತಿಂದ್ಕಂಡು ಹೊಂಟೋಯ್ತಿತ್ತು. ಮರ ಬೇಯ್ತಿರ್ನಿಲ್ಲ. ಈಗ ಬೀಳೋ ಬೆಂಕಿಯೇ ಬೇರೆ.” ನಾವು ನಕ್ಕು, ಆಗಲಪ್ಪ ಎಂದು ತಟ್ಟೆಯ ಕಡೆಗೆ ತಿರುಗಿದೆವು. ಅವರು ಹೇಳಿದುದರಲ್ಲಿ ಒಂದು ಇಡೀ ಶಾಸ್ತ್ರವಿತ್ತೆಂಬುದು ನಮಗೆ ತಿಳಿದದ್ದು ಹತ್ತು ವರ್ಷಗಳಿಗೂ ಮೀರಿದ ಮೇಲೆ.

ತರಗು ಬೆಂಕಿಯೆಂದರೆ ಚಳಿಗಾಲ ಮುಗಿಯುವ ಹೊತ್ತಿಗೆ, ಎಲೆ ಉದುರಿ ನೆಲದಲ್ಲಿ ಇನ್ನೂ ಅಲ್ಪಸ್ವಲ್ಪ ತೇವವಿರುವಾಗಲೇ, ಒಣ ತರಗಿಗೆ ಹಚ್ಚುವ ಕಿರುಬೆಂಕಿ. ಅದು ತಗ್ಗಾಗಿ ಹರಿದು ಎಳೆಯ ಕಳೆಗಿಡಗಳನ್ನೂ ಬಿದ್ದ ಬೀಜಗಳನ್ನೂ ಸುಡುತ್ತದೆ. ಹುಲ್ಲಿನ ಬೇರು ಮಣ್ಣಿನೊಳಗೆ ಉಳಿದು ಮೊದಲ ಮಳೆಗೆ ಚಿಗುರುತ್ತದೆ. ಬೆಟ್ಟವು 1974ರಲ್ಲಿ ವನ್ಯಧಾಮವಾದ ಮೇಲೆ ಈ ರೂಢಿ ಶಿಕ್ಷಾರ್ಹ ಅಪರಾಧವಾಗಿ ನಿಂತಿತು. ಬೆಂಕಿ ನಿಂತುದರಿಂದಲೇ ಲಂಟಾನ ಏರಿತೆಂಬುದು ಸೋಲಿಗ ಹಿರಿಯರ ಅಭಿಪ್ರಾಯ.

ಸಂಶೋಧಕರು ಇದನ್ನು ಒಡನೆಯೇ ಒಪ್ಪಿದರೆಂದು ವಾಚಕರು ತಿಳಿಯಬಾರದು. ಏಟ್ರೀಯ ಅಂಕಿಲಾ ಹಿರೇಮಠ್ ಮತ್ತು ಭರತ್ ಸುಂದರಂ ಅವರು 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬಹುಮಟ್ಟಿಗೆ ಇದರ ವಿರುದ್ಧವಾದ ಊಹೆಯನ್ನೇ ಮುಂದಿಟ್ಟಿದ್ದರು. ಬೆಂಕಿ ಬಿದ್ದ ಕಡೆ ಲಂಟಾನ ಬೆಳೆಯುತ್ತದೆ, ಲಂಟಾನ ಬೆಳೆದ ಕಡೆ ಇನ್ನೂ ಉಗ್ರವಾದ ಬೆಂಕಿ ಬೀಳುತ್ತದೆ, ಹೀಗೆ ಒಂದು ಇನ್ನೊಂದನ್ನು ಪೋಷಿಸುತ್ತದೆ ಎಂಬುದು ಆ ಊಹೆಯ ಸಾರ. ಅದು ಬರಿಯ ಮನೋಕಲ್ಪನೆಯಾಗಿರಲಿಲ್ಲ. ದೇಶವಿದೇಶಗಳ ಅನುಭವದ ಆಧಾರವಿತ್ತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಪೋಡುಗಳಿಗೆ ಹೋಗಿ ಸೋಲಿಗ ಹಿರಿಯರ ಎದುರು ಕುಳಿತು, ಎಂದಿನಿಂದ, ಎಲ್ಲೆಲ್ಲಿ, ಯಾವುದರ ಹಿಂದೆ ಯಾವುದು ಎಂದು ಕೇಳಿ ಬರೆದುಕೊಂಡರು. ಅದನ್ನು ತಮ್ಮ ಎಣಿಕೆಯ ಪಕ್ಕದಲ್ಲಿಟ್ಟು ನೋಡಿದರು. 2012ರಲ್ಲಿ ಪ್ರಕಟವಾದ ಅವರ ಬರಹಗಳಲ್ಲಿ ಸೋಲಿಗರ ವಿವರಣೆಗೆ ಗೌರವದ ಸ್ಥಾನವಿದೆ. ತಾನೇ ಮುಂದಿಟ್ಟ ಊಹೆಯನ್ನು ತಾನೇ ಮತ್ತೆ ಪರೀಕ್ಷೆಗೆ ಒಡ್ಡುವ ಈ ಗುಣ ನಮ್ಮಂಥ ವೇದಿಕೆಯ ಪಂಡಿತರಲ್ಲಿ ಎಷ್ಟಿದೆಯೋ ನಾವು ಹೇಳಲಾರೆವು.

ಹಾಗೆಂದು ನಾಳೆಯೇ ಕಾಡಿಗೆ ಬೆಂಕಿ ಹಚ್ಚಿದರೆ ಸರಿಹೋದೀತೆಂದು ಯಾರೂ ಬಗೆಯಬಾರದು. ಕಾಲ ಮಿಂಚಿದೆ. ಮೊಣಕಾಲೆತ್ತರದ ತರಗು ಇದ್ದಾಗ ಮೊಣಕಾಲೆತ್ತರದ ಬೆಂಕಿ. ಈಗ ಎರಡಾಳೆತ್ತರದ ಒಣ ಲಂಟಾನಕ್ಕೆ ಕಿಡಿ ತಾಗಿದರೆ ಜ್ವಾಲೆ ಮರದ ತುದಿಗೆ ಏರುತ್ತದೆ, ಆರಿಸಲು ಹೋದವರ ಪ್ರಾಣಕ್ಕೂ ಎರವಾಗುತ್ತದೆ. ಆ ಹಿರಿಯರು “ಈಗ ಬೀಳೋ ಬೆಂಕಿಯೇ ಬೇರೆ” ಎಂದುದು ಇದನ್ನೇ.

ನೆಲ್ಲಿಕಾಯಿಯ ಪ್ರಸಂಗವೂ ಇಂಥದೇ. ಬೆಟ್ಟದ ನೆಲ್ಲಿಕಾಯಿಯನ್ನು ಉಪ್ಪಿನಕಾಯಿಗೋ ಮೊರಬ್ಬಕ್ಕೋ ಬಳಸುವ ಗೃಹಿಣಿಯರು, ಅದನ್ನು ಮರದಿಂದ ಇಳಿಸಿದವರಾರೆಂದು ಯೋಚಿಸುವುದು ಕಡಿಮೆ. ಸೋಲಿಗರಿಗೆ ಜೇನು, ನೆಲ್ಲಿ, ಪಾಚಿ ಇವುಗಳ ಸಂಗ್ರಹದಿಂದಲೇ ಕೈಗೆ ಕಾಸು ಬರುತ್ತಿತ್ತು. ಕಾಡಿನ ನೆಲ್ಲಿಮರಗಳ ಸಂತತಿ ಕುಗ್ಗುತ್ತಿದೆಯೆಂದಾಗ ಸಹಜವಾಗಿಯೇ ಕಾಯಿ ಕೀಳುವವರ ಮೇಲೆ ಅನುಮಾನ ಬಿತ್ತು. 2006ರಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದನ್ನೇ ಇಲ್ಲಿ ನಿಷೇಧಿಸಲಾಯಿತು. ಎಷ್ಟೋ ಮನೆಗಳ ಒಲೆಗೆ ನೀರು ಬಿದ್ದಂತಾಯಿತು. ಆದರೆ ಸಿದ್ದಪ್ಪ ಶೆಟ್ಟಿ ಮೊದಲಾದ ಸಂಶೋಧಕರು ಸೋಲಿಗರನ್ನು ಜತೆಗೂಡಿಸಿಕೊಂಡು ಎಷ್ಟೋ ಮೊದಲಿನಿಂದಲೇ ನೆಲ್ಲಿಮರಗಳ ಲೆಕ್ಕವಿಡುತ್ತ ಬಂದಿದ್ದರು. ಎಷ್ಟು ಕಾಯಿ ಬಿಟ್ಟಿತು, ಎಷ್ಟು ಕಿತ್ತರು, ಎಷ್ಟು ಸಸಿ ಎದ್ದಿತು, ಎಷ್ಟು ಮರ ಸತ್ತಿತು ಎಂಬ ಸುಮಾರು ಹತ್ತು ವರ್ಷಗಳ ಲೆಕ್ಕವನ್ನು ಜರಡಿ ಹಿಡಿದು, ಹವಾಯಿ ವಿಶ್ವವಿದ್ಯಾಲಯದ ತಮಾರಾ ಟಿಕ್ಟಿನ್ ಅವರೊಡಗೂಡಿ 2012ರಲ್ಲಿ ಪ್ರಕಟಿಸಿದರು. ಕಾಯಿ ಕಿತ್ತುದರಿಂದ ಆದ ಹಾನಿ ಅಲ್ಪ. ಲಂಟಾನ ಮತ್ತು ಮರದ ಮೇಲೆ ಬೆಳೆದು ಅದರ ಸಾರ ಹೀರುವ ಬದನಿಕೆ ಇವುಗಳ ಪಾಲು ದೊಡ್ಡದು. ಬದನಿಕೆಯನ್ನೂ ತರಗು ಬೆಂಕಿಯೇ ಹದ್ದಿನಲ್ಲಿಡುತ್ತಿತ್ತೆಂಬುದು ಸೋಲಿಗರ ಮಾತಾಗಿತ್ತು. ಹಸಿದವನ ಕೈ ಕಟ್ಟಿದುದಾಯಿತು, ಕಳ್ಳನು ಬೇರೆಡೆ ಇದ್ದನು.

ಮುಂದೆ ಬೆಟ್ಟವು 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷದ ಗಾಂಧೀ ಜಯಂತಿಯಂದು ಅರಣ್ಯ ಹಕ್ಕು ಕಾಯಿದೆಯನ್ವಯ 25 ಪೋಡುಗಳ ಸೋಲಿಗರಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ದೊರೆತುದು ದೇಶದಲ್ಲಿಯೇ ಅದು ಮೊದಲು. ಅದಕ್ಕೆ ಮುನ್ನ ಸೋಲಿಗರೇ ಆದ ಡಾ. ಸಿ. ಮಾದೇಗೌಡರೂ ಅವರ ಸಂಗಡಿಗರೂ ಪೋಡಿನ ಹಿರಿಯರೊಡನೆ ಕಾಡೆಲ್ಲ ನಡೆದು, ದೇವರು, ಮಾರಿ, ವೀರರು ನೆಲೆಸಿದ 489 ಪವಿತ್ರ ತಾಣಗಳನ್ನು ನಕ್ಷೆಯ ಮೇಲೆ ಗುರುತಿಸಿದ್ದರು. ಭಾರ್ಗವಿ ನದಿಯ ದಡದ ದೊಡ್ಡಸಂಪಿಗೆಯೂ ಅವುಗಳಲ್ಲೊಂದು. ನಡುವೆ ಒಂದು ಸಣ್ಣ ಸಂತೋಷದ ಸಂಗತಿ: 2022ರಲ್ಲಿ ಈ ಕಾಡಿನಲ್ಲಿ ದೊರೆತ ಹೊಸ ಕುಲದ ಕಣಜವೊಂದಕ್ಕೆ ಶೋಧಕರು ‘ಸೋಲಿಗ’ ಎಂದೇ ಹೆಸರಿಟ್ಟರು. ರಾಜರ, ದೊರೆಗಳ ಹೆಸರನ್ನು ಹೊತ್ತ ಪ್ರಾಣಿಗಳು ಬಹಳವಿವೆ. ಇದು ನಮಗೆ ಹೆಚ್ಚು ಪ್ರಿಯವಾಯಿತು.

ಇಷ್ಟೂ ಕಾಡಿನೊಳಗಿನ ಮಾತಾಯಿತು. ಮೇಲಿನ ಆಕಾಶದ ಮಾತೇನು ಎಂದು ಹೊಲ ಉಳುವ ವಾಚಕರು ಕೇಳದೆ ಇರಲಾರರು. ಹವಾಮಾನ ಬದಲಾಗಿದೆಯೆಂಬುದನ್ನು ನಮಗೆ ಪತ್ರಿಕೆಗಳು ಹೇಳಬೇಕಾಗಿಲ್ಲ. ಉತ್ತರೆ, ಹಸ್ತ, ಚಿತ್ತೆಗಳನ್ನು ನಂಬಿ ಬಿತ್ತುವ ಕೊಳ್ಳೇಗಾಲದ ಸೀಮೆಯವರಿಗೆ, ಮಳೆ ಒಂದು ವರ್ಷ ಕೈಕೊಟ್ಟು ಇನ್ನೊಂದು ವರ್ಷ ಒಂದೇ ರಾತ್ರಿ ಸುರಿದು ಬದುವನ್ನೇ ಒಯ್ಯುವುದು ಗೊತ್ತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಆದರೂ ಇಲ್ಲಿಯೂ ಕಂಡದ್ದು ಬೇರೆ, ಅಳೆದದ್ದು ಬೇರೆ. ಹವಾಯಿ ದ್ವೀಪದ ಮೌನಾ ಲೋವಾ ಎಂಬ ಪರ್ವತದ ಮೇಲೆ 1958ರಿಂದ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಅಳೆಯುತ್ತ ಬಂದಿದ್ದಾರೆ. ಕಾರ್ಖಾನೆಗಳ ಯುಗಕ್ಕೆ ಮುನ್ನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದುದು ಈಗ 420ನ್ನು ದಾಟಿದೆ. ಭೂಮಿಯ ಸರಾಸರಿ ಉಷ್ಣತೆ ಆ ಹಳೆಯ ಕಾಲಕ್ಕಿಂತ ಒಂದೂವರೆ ಡಿಗ್ರಿಗೂ ಮೀರಿ ಏರಿದ ಮೊದಲ ವರ್ಷ 2024. ನಮ್ಮಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಿಂತಿವೆ. ಅವನ್ನು ಕಂಡು ಬಲ್ಬಿಲ್ಲದ ದೀಪದ ಕಂಬವೆಂದು ಕಲ್ಲೆಸೆಯುವ ಹುಡುಗರನ್ನು ನಾವು ಒಮ್ಮೆ ಗದರಿಸಿದ್ದುಂಟು.

ಮಳೆಮಾಪಕಗಳಿಲ್ಲದ ಕಾಲದ ಮಳೆಯನ್ನು ಓದುವ ಉಪಾಯವೂ ಇದೆ. ನಮ್ಮ ಬೆಟ್ಟಗಳಿಂದ ದೂರವಲ್ಲದ ನೀಲಗಿರಿಯ ಜೌಗು ಕಣಿವೆಗಳಲ್ಲಿ ಸಾವಿರಾರು ವರ್ಷಗಳ ಸಸ್ಯಗಳು ಕೊಳೆತು ಪದರ ಪದರವಾಗಿ ಕೂತಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರೂ ಸಹಶೋಧಕರೂ ಆ ಕಪ್ಪು ಮಣ್ಣನ್ನು ಆಳದವರೆಗೆ ತೆಗೆದು, ಅದರಲ್ಲಿನ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ ಲೇಖನ ಪ್ರಕಟಿಸಿದರು. ರಾಗಿ, ಜೋಳ ಮತ್ತು ಬಿಸಿಲು ನಾಡಿನ ಹುಲ್ಲುಗಳು ಗಾಳಿಯ ಇಂಗಾಲವನ್ನು ಹೀರುವ ಬಗೆ ಒಂದು. ಭತ್ತ ಮತ್ತು ಮರಗಿಡಗಳದ್ದು ಇನ್ನೊಂದು. ಸತ್ತು ಮಣ್ಣಾದ ಮೇಲೂ ಆ ಭೇದದ ಗುರುತು ಇಂಗಾಲದಲ್ಲಿ ಉಳಿಯುತ್ತದೆ. ಯಾವ ಪದರದಲ್ಲಿ ಯಾವ ಗುರುತು ಹೆಚ್ಚಿದೆಯೆಂದು ನೋಡಿ, ಯಾವ ಕಾಲದಲ್ಲಿ ಒಣಹವೆಯಿತ್ತು, ಯಾವ ಕಾಲದಲ್ಲಿ ಮಳೆ ಹೆಚ್ಚಿತ್ತು ಎಂದು ಇಪ್ಪತ್ತು ಸಾವಿರ ವರ್ಷಗಳ ಹಿಂದಿನವರೆಗೂ ಹೇಳಬಹುದು. ಕಾಡು ಹುಲ್ಲುಗಾವಲಾಗಿದೆ, ಹುಲ್ಲುಗಾವಲು ಕಾಡಾಗಿದೆ. ಆದರೆ ಅಂದಿನ ಬದಲಾವಣೆಗಳಿಗೆ ಸಾವಿರ ವರ್ಷಗಳ ಸಾವಕಾಶವಿತ್ತು. ಮರಗಳಿಗೆ ನಡೆದು ಹೋಗಲು ಸಮಯವಿತ್ತು, ನಡುವೆ ಹೊಲ, ರಸ್ತೆ, ಊರುಗಳಿರಲಿಲ್ಲ.

ಇದೇ ಸುಕುಮಾರರು 1980ರ ದಶಕದ ಆರಂಭದಲ್ಲಿ ನಮ್ಮ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಹಿಂದೆ ಅಲೆದು ಅಭ್ಯಸಿಸಿದವರು. 1988ರಲ್ಲಿ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯಲ್ಲಿ 50 ಹೆಕ್ಟೇರು ಕಾಡನ್ನು ಗುರುತಿಸಿ, ಬೆರಳಿನಷ್ಟು ದಪ್ಪದ ಗಿಡದಿಂದ ಹಿಡಿದು ದೊಡ್ಡ ಮರದವರೆಗೆ ಸುಮಾರು 25,000 ಕಾಂಡಗಳಿಗೂ ಸಂಖ್ಯೆಯ ಬಿಲ್ಲೆ ಕಟ್ಟಿಸಿದರು. ಅಂದಿನಿಂದ ಬೆಂಕಿಗೆ ಸತ್ತದ್ದೆಷ್ಟು, ಆನೆ ಮುರಿದದ್ದೆಷ್ಟು, ಬರಕ್ಕೆ ಒಣಗಿದ್ದೆಷ್ಟು ಎಂಬ ಲೆಕ್ಕ ನಡೆದುಬಂದಿದೆ. ಮುಂದೆ ಬರಬಹುದಾದ ಬಿಸಿಲಿಗೂ ಬರಕ್ಕೂ ನಮ್ಮ ಒಣಕಾಡು ಹೇಗೆ ನಡೆದುಕೊಂಡೀತೆಂದು ಊಹಿಸಲು ಇಂಥ ಲೆಕ್ಕವೇ ಬುನಾದಿ. ಲಂಟಾನದಡಿಯಲ್ಲಿ ಸಸಿಗಳಿಲ್ಲದ ಕಾಡಿಗೆ ಬರ ಬಂದರೆ, ಮಕ್ಕಳಿಲ್ಲದ ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಂತೆ.

ಹಾಗಾದರೆ ಲಂಟಾನಕ್ಕೆ ಮದ್ದೇನು? ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರು ಕಾರ್ಬೆಟ್ ಅರಣ್ಯದಲ್ಲಿ ಪ್ರಯೋಗಿಸಿ ತೋರಿದ ಉಪಾಯವೊಂದು ಹೊಲದವರಿಗೂ ಉಪಯುಕ್ತವಾದುದರಿಂದ ತುಸು ವಿವರವಾಗಿ ಹೇಳುತ್ತೇವೆ. ನಾವೆಲ್ಲ ಮಾಡುವ ತಪ್ಪು ಲಂಟಾನವನ್ನು ನೆಲಮಟ್ಟಕ್ಕೆ ಕಡಿಯುವುದು. ಕಡಿದಷ್ಟೂ ಅದು ಬುಡದಿಂದ ಹತ್ತಾಗಿ ಒಡೆಯುತ್ತದೆ, ಏಕೆಂದರೆ ಚಿಗುರುವ ಶಕ್ತಿಯಿರುವುದು ಬುಡ ಮತ್ತು ಬೇರು ಕೂಡುವ ಗಂಟಿನಲ್ಲಿ. ಆದುದರಿಂದ ಬುಡದ ಸುತ್ತ ಮಣ್ಣು ಕೆದರಿ, ಆ ಗಂಟಿನ ಕೆಳಗೆ, ನೆಲದೊಳಕ್ಕೆ ಮೂರು ನಾಲ್ಕು ಬೆರಳಿನ ಆಳದಲ್ಲಿ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಹಾಕಬೇಕು. ಹಣ್ಣು ಬಿಡುವ ಮುನ್ನವೇ ಈ ಕೆಲಸವಾಗಬೇಕು. ಬಳಿಕ ಹಕ್ಕಿ ಕೂರುವ ಮರಗಳ ಕೆಳಗೆ ಏಳುವ ಸಸಿಗಳನ್ನು ಎರಡು ಮೂರು ವರ್ಷ ಕೀಳುತ್ತಿದ್ದು, ತೆರವಾದ ನೆಲದಲ್ಲಿ ಊರ ಹುಲ್ಲನ್ನು ಎಬ್ಬಿಸಬೇಕು. ನೆಲವನ್ನು ಬರಿದು ಬಿಟ್ಟರೆ ಮತ್ತೆ ಅದೇ ಬರುತ್ತದೆ. ಮನೆಯ ಹಿಂದಿನ ಬೇಲಿಯಲ್ಲಿ ಇದನ್ನು ನಾವೇ ಮಾಡಿಸಿ ನೋಡಿದೆವು. ಮೊದಲ ವರ್ಷ ಸೋತೆವು, ಏಕೆಂದರೆ ಸಸಿ ಕೀಳಲು ಮರೆತೆವು.

ಮಾದಪ್ಪನ ಬೆಟ್ಟದ ಸೀಮೆಯಲ್ಲಿ ಇನ್ನೊಂದು ದಾರಿ ತೆರೆದಿದೆ. ಸೋಲಿಗರು ಬುಟ್ಟಿ ಹೆಣೆಯಲು ಬಳಸುತ್ತಿದ್ದ ಬಿದಿರಿಗೆ ಅಭಾವವಾದಾಗ, 2004ರ ಸುಮಾರಿನಿಂದ ಏಟ್ರೀ ಸಂಸ್ಥೆಯವರು ಲಂಟಾನದ ಕಡ್ಡಿಯನ್ನು ಬೇಯಿಸಿ ಸಿಪ್ಪೆ ತೆಗೆದು ಬಾಗಿಸುವ ಕಸುಬನ್ನು ಅವರಿಗೆ ಕಲಿಸಿದರು. ಬೆಂದ ಕಡ್ಡಿ ಬೆತ್ತದಂತೆ ಬಾಗುತ್ತದೆ, ಗೆದ್ದಲು ಹಿಡಿಯುವುದು ಕಡಿಮೆ. ಕುರ್ಚಿ, ಮೇಜು, ಬುಟ್ಟಿ, ಮಕ್ಕಳ ಆಟಿಕೆಗಳಾಗಿ ಅದು ಊರು ಸೇರುತ್ತದೆ. ಕಸುಬಿನಿಂದ ಮನೆಗಳು ನಡೆದಿವೆ ನಿಜ, ಆದರೆ ಕುರ್ಚಿ ಮಾಡಿ 906 ಚದರ ಕಿಲೋಮೀಟರಿನ ವನ್ಯಧಾಮವನ್ನು ಶುದ್ಧಿ ಮಾಡಲಾಗದೆಂಬುದು ಆ ಕೆಲಸ ಮಾಡುವವರಿಗೇ ಚೆನ್ನಾಗಿ ಗೊತ್ತು.

ಕೆಲವು ತಿಂಗಳ ಹಿಂದೆ ನಾವು ಯಳಂದೂರಿನ ಬಂಧುಗಳೊಡನೆ ರಂಗನ ಬೆಟ್ಟಕ್ಕೆ ಹೋಗಿದ್ದೆವು. ಪೋಡೊಂದರ ಹತ್ತಿರ ದಾರಿಯ ಕೆಳಗೆ ಇಬ್ಬರು ಸೋಲಿಗ ಯುವಕರು ನೆಲ್ಲಿಮರದ ಸುತ್ತ ಟೇಪು ಹಿಡಿದಿದ್ದರು. ಒಬ್ಬನು ಎದೆಮಟ್ಟದಲ್ಲಿ ಅಳೆದು ಸಂಖ್ಯೆ ಕೂಗಿದನು, ಇನ್ನೊಬ್ಬನು ಬರೆದುಕೊಂಡನು. ಬಳಿಕ ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ಮರದ ಕೆಳಗಿನ ಹುಲ್ಲನ್ನು ಬೆರಳಿನಿಂದ ಸರಿಸಿ ಸರಿಸಿ ಸಸಿ ಹುಡುಕಿದರು. ಎಷ್ಟಪ್ಪ ಸಿಕ್ಕಿತು ಎಂದು ನಾವು ಮೇಲಿನಿಂದ ಕೇಳಿದೆವು. “ಮೂರು ಬುದ್ಧಿ. ಹೋದ್ ಸಲ ಒಂದೂ ಇರ್ನಿಲ್ಲ” ಎಂದನು ಹುಡುಗ. ಹಳೆಯ ಕಾಲದ ಆ ಹಿರಿಯರ ವಿಷಯ ಕೇಳೋಣವೆಂದುಕೊಂಡೆವು, ಹೆಸರನ್ನೇ ಅಂದು ಕೇಳಿರಲಿಲ್ಲವೆಂಬುದು ಆಗ ನೆನಪಾಯಿತು. ಅಷ್ಟರಲ್ಲಿ ಅವರು ಟೇಪನ್ನು ಸುತ್ತಿಕೊಂಡು ಮುಂದಿನ ಮರಕ್ಕೆ ಇಳಿದು ಹೋಗಿದ್ದರು.